ನುಂಗದ ಗುಟುಕು

ಒಂದು ಹನಿಯನ್ನೂ ನುಂಗದ ಮನುಷ್ಯನನ್ನು ನೀವು ಕುಡುಕನೆಂದು ಸೂಚನಾ ಫಲಕಕ್ಕೆ ಹಚ್ಚಿದಿರಿ. ವಿಜಯಪುರದ ಅಥಣಿ ರಸ್ತೆಯಲ್ಲಿರುವ ಕ್ಲಬ್ಬಿನ ಆಡಳಿತ ಮಂಡಳಿಯ ಮೇಲೆ ನನ್ನ ಆರೋಪ ಇಷ್ಟೇ. ಇದನ್ನು ಇದಕ್ಕಿಂತ ಮೃದುವಾಗಿ ಹೇಳಲು ನನಗೆ ಬಾರದು.

ಅವರು ನನ್ನ ಸೋದರಮಾವ. ಅಗಲ ಮೂಗು, ಎಡಹೊಳ್ಳೆಯ ಅಂಚಿನಲ್ಲಿ ಮೆಂತ್ಯದ ಕಾಳಿನಷ್ಟು ಮಚ್ಚೆ. ಏನನ್ನೇ ಮೂಸುವಾಗಲೂ ಆ ಹೊಳ್ಳೆಯೇ ಮೊದಲು ಅರಳುತ್ತಿತ್ತು. ಮಹಾರಾಷ್ಟ್ರದ ಮದ್ಯದ ಕಾರ್ಖಾನೆಯೊಂದರಲ್ಲಿ ರುಚಿ ಪರೀಕ್ಷಕರಾಗಿದ್ದು, ನಿವೃತ್ತರಾಗಿ ತಿಕೋಟಾಕ್ಕೆ ಮರಳಿದ್ದರು. ಕೆಲಸಕ್ಕೆ ಹೊರಟ ದಿನ ಅಜ್ಜಿ ತಿಕೋಟಾದ ಬಸ್ ನಿಲ್ದಾಣದಲ್ಲಿ ಮಗನ ಕೈ ಹಿಡಿದು, “ನಾಲಿಗಿಗೆ ಹಚ್ಚು, ಗಂಟಲಕ್ಕ ಇಳಸಬ್ಯಾಡ” ಎಂದು ಆಣೆ ಮಾಡಿಸಿಕೊಂಡಿದ್ದಳಂತೆ. ಬಾಯಲ್ಲಿ ಆಡಿಸಿ ಉಗುಳುವುದು ಆ ವೃತ್ತಿಯ ಕ್ರಮವೂ ಹೌದು. ಕ್ರಮವನ್ನೂ ಆಣೆಯನ್ನೂ ಅವರು ಮುರಿಯಲಿಲ್ಲ.

ಸಿಡುಕು ಸ್ವಭಾವ. ಮಾಮಿ ಊದಿನಕಡ್ಡಿ ಹಚ್ಚಿದರೆ, “ದೇವರಿಗೂ ನೆಗಡಿ ಬರ್ತೈತಿ, ಆರಸು” ಎಂದು ರೇಗುವರು. “ನಿಮ್ಮ ಮೂಗಿಗೊಂದು ಗುಡಿ ಕಟ್ಟಸ್ರಿ, ಅಲ್ಲೇ ಪೂಜಾ ಮಾಡ್ತೇನಿ” ಎಂದು ಮಾಮಿ ತಿರುಗೇಟು ಕೊಡುವಳು. ರಜೆಯಲ್ಲಿ ನಾನು ತಿಕೋಟಾಕ್ಕೆ ಹೋದಾಗ ಒಣದ್ರಾಕ್ಷಿಯ ಶೆಡ್ಡಿನಲ್ಲಿ ನನ್ನ ಕಣ್ಣು ಮುಚ್ಚಿಸಿ, ಎರಡೂ ಅಂಗೈಗೆ ಹಣ್ಣು ಹಾಕಿ, “ಯಾವುದಕ್ಕ ಬಿಸಲ ಬಡದೈತಿ, ಹೇಳು” ಎನ್ನುವರು. ಕದ್ದು ನೋಡಿದರೆ ತಲೆಗೊಂದು ಮೊಟಕು. “ಕಣ್ಣ ಸುಳ್ಳ ಹೇಳ್ತಾವ ಬೇ. ಮೂಗಿಗೆ ಕೇಳು.”

ಮಾಮಾ ನಿಮ್ಮ ಕ್ಲಬ್ಬಿನ ಸದಸ್ಯರಾಗಿದ್ದರು. ಕಳೆದ ವರ್ಷ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಸದಸ್ಯರ ಕುಟುಂಬದವರಿಗೂ ಆಹ್ವಾನವಿತ್ತು. ಮಾಮಾನೊಂದಿಗೆ ನಾನೂ ಹೋದೆ. ಕಾರ್ಯದರ್ಶಿಯ ತಂದೆ ಎಂದೋ ತಂದಿದ್ದ ಐರಿಶ್ ವಿಸ್ಕಿಯ ಬಾಟಲಿ ಅಲ್ಲಿ ಕಿಟಕಿ ಪಕ್ಕದ ಗಾಜಿನ ಕಪಾಟಿನಲ್ಲಿ ನಿಂತೇ ಇತ್ತು. ಬಾಟಲಿಯ ಚೀಟಿಯ ಮೇಲೆ ಬರೆದಿದ್ದ ವಯಸ್ಸು ಹನ್ನೆರಡು ವರ್ಷ. ಕಪಾಟಿನಲ್ಲಿ ಕಳೆದ ವರ್ಷಗಳನ್ನೂ ಅದಕ್ಕೆ ಕೂಡಿಸಿ, ‘ಮೂವತ್ತು ವರ್ಷದ ಐರಿಶ್ ವಿಸ್ಕಿ’ ಎಂದು ಕಾರ್ಯದರ್ಶಿ ಘೋಷಿಸಿದ್ದರು. ಹುಣಸೆಹಣ್ಣು, ಬೆಲ್ಲ ಹಳೆಯದಾದಷ್ಟೂ ಮೇಲು ಎನ್ನುವ ಊರು ನಮ್ಮದು; ಬಾಟಲಿಗೂ ಅದೇ ನ್ಯಾಯ ಹಚ್ಚಿದರು. ನಾಲ್ಕು ಮಾತು ಹೊಗಳಲು ಮಾಮಾನನ್ನು ವೇದಿಕೆಗೆ ಕರೆದರು.

ಮಾಮಾ ಲೋಟವನ್ನು ಬೆಳಕಿಗೆ ಹಿಡಿದರು, ಮೂಸಿದರು, ಎರಡು ಹನಿ ನೀರು ಬೆರೆಸಿದರು. ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ ಬಾಯಲ್ಲಿ ಆಡಿಸಿ, ಸ್ಟೀಲ್ ಲೋಟಕ್ಕೆ ಉಗುಳಿದರು.

“ಮಾಲು ಖರೇನ ಐರ್ಲೆಂಡಿಂದು. ಮೂರು ಸಲ ಭಟ್ಟಿ ಇಳಿಸಿದ ನುಣುಪು ಇನ್ನೂ ಐತಿ. ಜೇನು, ಒಣದ್ರಾಕ್ಷಿ ಇದ್ದ ಜಾಗಾನೂ ಗೊತ್ತಾಗತೈತಿ. ಆದ್ರ ಬಿಸಲ ಬಡದು, ಬೂಚ ಸಡ್ಲಾಗಿ ಗಾಳಿ ಹೊಕ್ಕೈತಿ. ಈಗ ಬರೇ ತೋಯ್ದ ರಟ್ಟಿನ ವಾಸನಿ.”

“ಮೂವತ್ತು ವರ್ಷದ್ದಲ್ಲೇನ್ರಿ?” ಕಾರ್ಯದರ್ಶಿ ನಗಲು ಯತ್ನಿಸಿದರು.

“ಹನ್ನೆರಡರದ್ದ. ವಿಸ್ಕಿ ಹಣ್ಣಾಗೂದು ಕಟ್ಟಿಗಿ ಪೀಪಾಯಿಯೊಳಗ. ಬಾಟ್ಲಿಗೆ ಬಂದ ಮ್ಯಾಲ ಅದಕ್ಕ ವಯಸ್ಸಿಲ್ಲ. ನಿಮ್ಮ ಕಪಾಟಿನ್ಯಾಗ ಧೂಳಿಗೆ ವಯಸ್ಸಾಗೈತಿ.”

ಜನ ಗೊಳ್ಳೆಂದರು. ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು. “ನಮ್ಮಪ್ಪ ತಂದದ್ದನ್ನ ಉಗಳ್ತೀರಿ? ನಶೆ ಏರೈತಿ ನಿಮಗ!”

“ನುಂಗದೇ ನಶೆ ಏರೂದಾದ್ರ, ನಿಮ್ಮ ಕ್ಲಬ್ಬಿಗೆ ಎಷ್ಟ ಮಾಲು ಉಳೀತಿತ್ತಪಾ!”

ಮರುವಾರವೇ ಫಲಕದಲ್ಲಿ ನೋಟಿಸು ಬಂತು: ‘ಮದ್ಯಪಾನ ಮಾಡಿ ಅನುಚಿತವಾಗಿ ವರ್ತಿಸಿದ್ದರಿಂದ ಸದಸ್ಯತ್ವ ರದ್ದು.’ ವಿಚಾರಿಸಲು ಹೋದ ಮಾಮಾನನ್ನು ಗೇಟಿನಲ್ಲೇ ಕೂರಿಸಿ, ಸಾಹೇಬರಿಲ್ಲವೆಂದು ಕಳುಹಿಸಿದರು. ಮನೆಗೆ ಮರಳಿ ಮಾಮಾ ಹೇಳಿದ್ದು ಒಂದೇ ಮಾತು: “ಇದನ್ನ ನೋಡಾಕ ಅವ್ವ ಇಲ್ಲ, ಚಲೋ ಆತು.”

ಈ ಚಳಿಗಾಲದಲ್ಲಿ ಮಾಮಾ ಹೃದಯಾಘಾತದಿಂದ ತೀರಿಕೊಂಡರು. ತಿಕೋಟಾದಲ್ಲಿ ಮಣ್ಣಿಗೆ ಬಂದಿದ್ದ ಯಾರೋ ನನ್ನ ಬೆನ್ನ ಹಿಂದೆ ಅಂದರು: “ಕುಡದು ಕುಡದು ಹ್ವಾದ ನೋಡಪಾ. ಕ್ಲಬ್ಬಿನ್ಯಾಗ ಬೋರ್ಡಿಗೆ ಹಾಕಿದ್ರಂತಲ್ಲ.” ಮಾಮಿ ಅದನ್ನು ಕೇಳಿಸಿಕೊಂಡಳು. ಅಂದಿನಿಂದ ಆಕೆ ಓಣಿಯ ನೆರೆಯವರ ಮನೆಗೂ ಹೋಗುತ್ತಿಲ್ಲ.

ಬಾಯಿಗೆ ಬಂದುದನ್ನೆಲ್ಲ ನುಂಗಬೇಕಿಲ್ಲವೆಂದು ನನಗೆ ಕಲಿಸಿದವರು ಮಾಮಾ. ನಿಮ್ಮ ನೋಟಿಸನ್ನು ನಾನು ನುಂಗಲಾರೆ. ಆದ್ದರಿಂದ ಆಡಳಿತ ಮಂಡಳಿಗೆ ನನ್ನ ವಿನಂತಿ: ಅವರು ಕುಡಿದಿದ್ದರೆಂಬುದಕ್ಕೆ ನಿಮ್ಮಲ್ಲಿದ್ದ ಆಧಾರವೇನು, ಲಿಖಿತವಾಗಿ ತಿಳಿಸಿ. ಆಧಾರವಿಲ್ಲವಾದರೆ ನೋಟಿಸನ್ನು ಹಿಂಪಡೆದು, ತಪ್ಪೊಪ್ಪಿಗೆಯನ್ನು ಅದೇ ಫಲಕದಲ್ಲಿ ಹಚ್ಚಿ. ಅದರ ಪ್ರತಿಯನ್ನು ಕಾರ್ಯದರ್ಶಿಯವರು ಸ್ವತಃ ತಿಕೋಟಾಕ್ಕೆ ತಂದು, ಓಣಿಯವರಿಗೆಲ್ಲ ಕೇಳುವಂತೆ ಮಾಮಿಯ ಎದುರು ಓದಬೇಕು.