ಹಂಡೆಗೆ ಬಳಿದ ಬಣ್ಣ

ಪರೀಕ್ಷೆಯ ವೇಳೆ ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡುಗಳು ಎಷ್ಟು ಕಾದವೆಂದು ಅಳೆಯುವುದು ನನ್ನ ಕೆಲಸ. ಗಿರ್ರನೆ ತಿರುಗುವ ಬ್ಲೇಡಿಗೆ ಥರ್ಮಾಮೀಟರು ಹಿಡಿಯಲಾಗದು, ಒಂದು ಬಗೆಯ ಬಣ್ಣ ಬಳಿಯುತ್ತೇವೆ. ಮಿತಿಮೀರಿ ಕಾದರೆ ಅದು ಬದಲಾಗುತ್ತದೆ; ತಣಿದ ಮೇಲೂ ಹಾಗೇ ಉಳಿಯುತ್ತದೆ.

ಹೊಸನಗರದಲ್ಲಿರುವ ನಮ್ಮ ಅತ್ತೆಗೆ ಇದು ಬಹಳ ಹಿಡಿಸಿತು. "ನಮ್ಮ ಬಚ್ಚಲ ಹಂಡೆಗೂ ಬಳೀರಿ. ನಿಮ್ಮ ಮಾವ ಸ್ನಾನ ಮಾಡಿ ನೀರು ತುಂಬದೇ ಬರ್ತಾರೆ. ಖಾಲಿ ಹಂಡೆ ಉರಿಗೆ ಸುಟ್ಟೇ ಹೋಗುತ್ತೆ."

ಮುಂದಿನ ಸಲ ಹೋದಾಗ ಬಳಿದೆ. ಮನೆಯಲ್ಲಿ ನಾವು ಮೂವರೇ. ಮರುದಿನ ನಾನು ಮಿಂದು, ಹಂಡೆ ತುಂಬಿ ಬಂದೆ. ಮಧ್ಯಾಹ್ನಕ್ಕೆ ಬಣ್ಣ ಬದಲಾಗಿತ್ತು.

"ಸಿಕ್ಕಿಬಿದ್ರಾ!" ಎಂದು ಅತ್ತೆ ಮಾವನ ಮೇಲೆ ಎಗರಿದರು.

"ನಾನು ಇವತ್ತು ಸ್ನಾನನೇ ಮಾಡಿಲ್ಲ ಮಾರಾಯ್ತಿ!"

ಅತ್ತೆ ತಮ್ಮ ಒದ್ದೆ ಕೂದಲನ್ನು ಗಂಟು ಕಟ್ಟಿಕೊಳ್ಳುತ್ತಾ ಹಂಡೆಯನ್ನು ನೋಡಿದರು, ಆಮೇಲೆ ನನ್ನನ್ನು. "ನಿಮ್ಮ ಬಣ್ಣನೇ ಸರಿ ಇಲ್ಲ ಬಿಡಿ."

ಬ್ಲೇಡಿನ ಬಣ್ಣ ಬದಲಾದಾಗ ನಮ್ಮ ಎಂಜಿನ್ ವಿನ್ಯಾಸ ಮಾಡಿದವರೂ ಮೊದಲು ಹೇಳುವುದು ಇದನ್ನೇ.