ಎಷ್ಟು ಸಾರಿ ಸಾರಿ

ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಮಾವನೊಬ್ಬನಿಗೆ. ಅದೇ ನಮಗೆ ಮುಳುವಾಯಿತು. ಈ ಮಾವ ಅವ್ವನ ತಮ್ಮ. ಹೊಸಪೇಟೆಯ ಲಾರಿ ಬ್ರೋಕರ್ ಆಫೀಸಿನಲ್ಲಿ ಕೂತು ಫೋನಿನಲ್ಲಿ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಎಲ್ಲವನ್ನೂ ಮಾತಾಡುತ್ತಾನೆ, ಎಲ್ಲದರಲ್ಲೂ ಜಗಳವಾಡುತ್ತಾನೆ. ಅಪ್ಪ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವ್ವ ಕಾಲುವೆಗೆ ನೀರು ಬಿಟ್ಟಾಗ ಬುಕ್ಕಸಾಗರದ ಕಡೆ ಭತ್ತದ ನಾಟಿಗೆ ಹೋಗುತ್ತಾಳೆ. ಇಬ್ಬರಿಗೂ ಮಾವ ಹೇಳಿದ್ದೇ ವೇದ.

ನಾನು ಟ್ರಿಪಲ್ ಜಂಪ್ ಮಾಡುತ್ತಿದ್ದೆ. ಓಡಿಬಂದು ಒಂಟಿಕಾಲಲ್ಲಿ ಕುಪ್ಪಳಿಸಿ, ಅದೇ ಕಾಲನ್ನೂರಿ ಇನ್ನೊಂದು ಕಾಲಿಗೆ ಹಾರಿ, ಕೊನೆಗೆ ಮರಳಿನ ಗುಂಡಿಗೆ ಬೀಳುವ ಆಟ. ನಮ್ಮ ಓಣಿಯ ಹೆಂಗಸರು ಅದನ್ನು ಕುಂಟಾಬಿಲ್ಲೆ ಎಂದೇ ಕರೆಯುತ್ತಿದ್ದರು. ಕುಂಟಾಬಿಲ್ಲೆ ಆಡೋಕೆ ಸರ್ಕಾರ ಊಟ ಹಾಕುತ್ತಾ ಎಂದು ಅವ್ವನನ್ನು ಕೇಳುತ್ತಿದ್ದರು. "ಮಾಡುತ್ತಿದ್ದೆ" ಎಂದು ಬರೆಯಬೇಕಾಗಿ ಬಂದದ್ದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸಂಡೂರಿನ ಗುಡ್ಡಗಳ ಕೆಳಗೆ ಒಂದು ತರಬೇತಿ ಕೇಂದ್ರವಿತ್ತು. ಅದಿರಿನ ಲಾರಿಗಳೆಬ್ಬಿಸಿದ ಕೆಂಪು ಧೂಳು ಅದರ ಟ್ರ್ಯಾಕಿನ ಮೇಲೂ ಕೂತಿರುತ್ತಿತ್ತು. ನಮ್ಮ ಕಾಲುಚೀಲ ಎಷ್ಟು ಉಜ್ಜಿದರೂ ಬೆಳ್ಳಗಾಗುತ್ತಿರಲಿಲ್ಲ. ಜಿಲ್ಲಾ ಕ್ರೀಡಾಕೂಟದಲ್ಲಿ ನನ್ನನ್ನು ನೋಡಿ ಅಲ್ಲಿಗೆ ಆರಿಸಿದಾಗ ಬೈಕಿನ ಹಿಂದೆ ಟ್ರಂಕು ಕಟ್ಟಿ, ನನ್ನನ್ನು ಕೂರಿಸಿಕೊಂಡು ಹೋಗಿ ಬಿಟ್ಟುಬಂದವನು ಇದೇ ಮಾವ. ಗೇಟಿನಲ್ಲಿ ಅತ್ತವನೂ ಅವನೇ, ನಾನಲ್ಲ.

ಅಲ್ಲಿ ನಮಗೆ ಜಿಗಿತ ಕಲಿಸುತ್ತಿದ್ದ ಕೋಚ್ ನೈಜೀರಿಯಾದವರು. ತಂದೆ ಇಗ್ಬೊ, ತಾಯಿ ಯೊರುಬಾ. ಎರಡೂ ಅಲ್ಲಿನ ದೊಡ್ಡ ಜನಾಂಗಗಳಂತೆ, ಭಾಷೆ ಬೇರೆ, ಅಡುಗೆ ಬೇರೆ, ಮದುವೆಯ ಹೊತ್ತಿಗೆ ಎರಡೂ ಕಡೆಯವರು ಮುಖ ಊದಿಸಿಕೊಂಡಿದ್ದರಂತೆ. ಇಷ್ಟು ಕೇಳಿದ ಮೇಲೆ ಅವರು ನನಗೆ ಪರದೇಶದವರು ಅನ್ನಿಸಲೇ ಇಲ್ಲ. ಹಾಸ್ಟೆಲಿನ ಟಿವಿಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಬಂದಾಗ ಆಟಗಾರರ ಬೆನ್ನ ಮೇಲಿನ ಹೆಸರು ಓದಿ, ಇವನು ನಮ್ಮಪ್ಪನ ಕಡೆಯವನು, ಇವನು ನಮ್ಮಮ್ಮನ ಕಡೆಯವನು ಎಂದು ಗುರುತಿಸುತ್ತಿದ್ದರು. ಆಟಗಾರರು ಹುಟ್ಟಿದ್ದು ಬೆಳೆದದ್ದು ಎಲ್ಲ ಅಲ್ಲೇ. ಆದರೂ ಗೋಲು ಬಿದ್ದರೆ ನಮ್ಮ ಸರ್ ಸಂಬಂಧಿಕರ ಮನೆಯಲ್ಲಿ ಗಂಡು ಹುಟ್ಟಿದ ಹಾಗೆ ಕೈ ತಟ್ಟುತ್ತಿದ್ದರು. ಅವರ ಸ್ವಂತ ತಮ್ಮನೇ ಯುರೋಪಿನ ಯಾವುದೋ ಕ್ಲಬ್ಬಿಗೆ ಆಡುತ್ತಿದ್ದ.

ಕೇಂದ್ರಕ್ಕೆ ಬರುವ ಅತಿಥಿಗಳದೆಲ್ಲ ಒಂದೇ ಮಾತು. ನಿಮ್ಮವರಿಗೆ ಬಿಡಿ, ಆಟ ರಕ್ತದಲ್ಲೇ ಬಂದಿದೆ. ಸರ್ ಅತಿಥಿಗಳ ಮುಂದೆ ನಕ್ಕು, ಅವರು ಹೋದಮೇಲೆ ನಮ್ಮ ಮುಂದೆ ಉರಿಯುತ್ತಿದ್ದರು. ನಮ್ಮಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ, ಬಸ್ಸು ಹಿಡಿಯಲೂ ಓಡಿದವನಲ್ಲ ಅನ್ನುತ್ತಿದ್ದರು. ಅಮ್ಮ ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದಳು, ಮೈಭಾರಕ್ಕೆ ಕೂತಲ್ಲಿಂದ ಏಳಲೂ ಕಷ್ಟಪಡುತ್ತಿದ್ದಳು. ತಮ್ಮ ಆಟಗಾರನಾದದ್ದು ಅಮ್ಮ ಅವನನ್ನು ದಿನಾ ಮೈದಾನದ ತನಕ ಕರೆದೊಯ್ದದ್ದಕ್ಕೆ. ರಕ್ತವೇ ಸಾಕಾಗಿದ್ದರೆ ನಮ್ಮ ದೇಶದಲ್ಲಿರುವ ಕೋಟಿಗಟ್ಟಲೆ ಜನರಲ್ಲಿ ಆಟ ನೋಡಲು ಕೂರುವವರು ಯಾರು ಎಂದು ಕೇಳುತ್ತಿದ್ದರು. ಹಮಾಲಿಯ ಮಗಳಲ್ಲವಾ, ಕಾಲು ಗಟ್ಟಿ ಇದ್ದೇ ಇರುತ್ತದೆ ಅನ್ನುವ ಮಾತನ್ನು ನಾನೂ ಕೇಳಿಸಿಕೊಂಡವಳು. ಬೆಳಿಗ್ಗೆ ಎದ್ದು ಮೆಟ್ಟಿಲು ಹತ್ತಿ ಸತ್ತದ್ದು ನಾನು, ಹೆಸರು ಮಾತ್ರ ಅಪ್ಪನ ಬೆನ್ನಿನ ಮೂಟೆಗೆ.

ಸರ್ ಬಗ್ಗೆ ನಮಗೆ ಅರ್ಥವಾಗದ್ದು ಒಂದೇ ಒಂದು. ಎಲ್ಲದಕ್ಕೂ ಸಾರಿ ಅನ್ನುತ್ತಿದ್ದರು. ಯಾರೋ ಎಡವಿದರೆ ಸಾರಿ, ನೆಗಡಿಯಾದರೆ ಸಾರಿ, ಬಿಸಿ ಚಹಾ ನಾಲಿಗೆ ಸುಟ್ಟರೆ ಸಾರಿ. ನಮ್ಮ ಅಜ್ಜಿ ತೀರಿಕೊಂಡು ನಾನು ಮಣ್ಣಿಗೆ ಹೋಗಿ ಬಂದ ದಿನ ಬಾಗಿಲಲ್ಲೇ ನಿಂತು ಅದೇ ಮಾತು ಹೇಳಿದರು. ನನಗೆ ತಡೆಯಲಾಗಲಿಲ್ಲ. ನೀವೇನು ಮಾಡಿದಿರಿ ಸರ್, ಅವಳಿಗೆ ವಯಸ್ಸಾಗಿತ್ತು ಎಂದು ಹಾಸ್ಟೆಲಿನಲ್ಲಿ ಕಲಿತ ಹರಕು ಇಂಗ್ಲಿಷಿನಲ್ಲಿ ಅಂದೆ. ಆಗ ಅವರು ಹೇಳಿದರು. ಅಪ್ಪನ ಭಾಷೆಯಲ್ಲಿ "ನ್ದೊ" ಎಂಬ ಮಾತಿದೆ, ಅಮ್ಮನ ಭಾಷೆಯಲ್ಲಿ "ಪೆಲೆ". ಯಾರಿಗೆ ನೋವಾದರೂ ನೋಡಿದವರು ಅದನ್ನು ಹೇಳಬೇಕು. ತಪ್ಪು ಯಾರದು ಎಂಬ ಲೆಕ್ಕ ಅದರೊಳಗಿಲ್ಲ. ನಿನ್ನ ನೋವನ್ನು ಕಂಡೆ ಎಂದಷ್ಟೇ ಅರ್ಥ. ಇಂಗ್ಲಿಷಿನಲ್ಲಿ ಅದಕ್ಕೆ ಬೇರೆ ಮಾತು ಸಿಗದೆ ನಮ್ಮ ದೇಶದವರೆಲ್ಲ ಸಾರಿ ಅನ್ನುತ್ತೇವೆ. ಕನ್ನಡದಲ್ಲಿ ಏನು ಅನ್ನುತ್ತೀರಿ ಎಂದು ಕೇಳಿದರು. ಯೋಚಿಸಿದೆ. ಅಯ್ಯೋ ಪಾಪ ಅಂದೆ. ಆಮೇಲೆ ನಾವು ಹುಡುಗಿಯರು ಅವರಿಗೆ ಸೊಳ್ಳೆ ಕಚ್ಚಿದರೂ "ಪೆಲೆ ಸರ್" ಎಂದು ರೇಗಿಸುತ್ತಿದ್ದೆವು.

ನಾನು ಬಿದ್ದ ದಿನ ಮನೆಯವರೆಲ್ಲ ಇದ್ದರು. ರಾಜ್ಯ ತಂಡದ ಆಯ್ಕೆಗೆ ಮುಂಚೆ ಕೇಂದ್ರದಲ್ಲೇ ಒಂದು ಪರೀಕ್ಷೆ ಇಟ್ಟಿದ್ದರು. ಅಪ್ಪ ಗಿರಣಿಗೆ ರಜೆ ಹಾಕಿ, ತೊಳೆದ ಬಿಳಿ ಅಂಗಿ ತೊಟ್ಟು ಬಂದಿದ್ದ. ಎರಡನೆಯ ಹೆಜ್ಜೆಯಲ್ಲಿ ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ಮುಂದಕ್ಕೆ ಹೋಯಿತು, ಮೊಣಕಾಲು ಎರಡಕ್ಕೂ ಸೇರದೆ ನಡುವೆ ತಿರುಚಿಕೊಂಡಿತು. ಒಳಗೆ ಏನೋ ಕಿತ್ತುಹೋದ ಶಬ್ದ ನನಗೇ ಕೇಳಿಸಿತು. ಎಲ್ಲರಿಗಿಂತ ಮೊದಲು ಓಡಿಬಂದವರು ಸರ್. ಅಲ್ಲೇ ಮಂಡಿಯೂರಿ ನನ್ನ ತಲೆ ಹಿಡಿದುಕೊಂಡು ಸಾರಿ, ಸಾರಿ, ನ್ದೊ, ಪೆಲೆ, ಸಾರಿ ಎಂದು ನಿಲ್ಲಿಸದೆ ಹೇಳಿದರು. ಕಣ್ಣಲ್ಲಿ ನೀರಿತ್ತು. ಮಾವ ಅದನ್ನೆಲ್ಲ ಕೇಳಿಸಿಕೊಂಡ.

ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಲಿಗಮೆಂಟು ಹರಿದಿತ್ತು. ಒಂದು ವರ್ಷ ಬೇಕು, ನಾನು ನಿನ್ನನ್ನು ಮತ್ತೆ ಜಿಗಿಸುತ್ತೇನೆ ಎಂದು ಸರ್ ಆಸ್ಪತ್ರೆಗೆ ಬಂದು ಹೇಳಿಹೋದರು. ಕೇಂದ್ರದಲ್ಲಿ ಗಾಯಗೊಂಡವರಿಗೆ ಜಾಗ ಉಳಿಯುವುದು ಕೋಚ್ ಹಟ ಹಿಡಿದರೆ ಮಾತ್ರ. ಅವರಿದ್ದರೆ ನನ್ನ ಕಾಲಿಗೊಂದು ದಾರಿಯಿತ್ತು. ಅವರು ಹೋದರೆ ನಾನು ಕಂಪ್ಲಿಗೆ ಹಿಂತಿರುಗಿ ಕುಂಟುತ್ತ ಇರಬೇಕು. ಹಾಸಿಗೆಯಲ್ಲಿ ಮಲಗಿ ನಾನು ಮತ್ತೇನನ್ನೂ ಯೋಚಿಸಲಿಲ್ಲ.

ನಮ್ಮ ಕಡೆ ಮಗು ಎಡವಿ ಬಿದ್ದು ಅತ್ತರೆ ಹಿರಿಯರು ಮೊದಲು ಮಾಡುವ ಕೆಲಸ ನೆಲಕ್ಕೆ ಹೊಡೆಯುವುದು. ನನ್ನ ಕೂಸನ್ನ ಬೀಳಿಸ್ತೀಯಾ ಎಂದು ಅಂಗೈಯಿಂದ ನೆಲಕ್ಕೆ ನಾಲ್ಕು ಬಾರಿಸಿದರೆ ಮಗು ಸುಮ್ಮನಾಗುತ್ತದೆ. ಅಜ್ಜಿ ನನಗಾಗಿ ಎಷ್ಟು ಕಲ್ಲಿಗೆ, ಎಷ್ಟು ಹೊಸ್ತಿಲಿಗೆ ಹೊಡೆದಿದ್ದಳೋ. ಬಿದ್ದ ಮೇಲೆ ಯಾರಿಗಾದರೂ ಏಟು ಬೀಳಲೇಬೇಕು ಎಂಬುದನ್ನು ನಾವು ಅಂಬೆಗಾಲಿನಲ್ಲೇ ಕಲಿತಿರುತ್ತೇವೆ. ಮಾವನಿಗೆ ಹೊಡೆಯಲು ನೆಲ ಬೇಕಾಗಿತ್ತು. ಅದು ತಾನಾಗಿ ಮಂಡಿಯೂರಿ ಸಾರಿ ಎಂದಿತ್ತು.

ಕೋಚ್ ತಾನೇ ತಪ್ಪೊಪ್ಪಿಕೊಂಡಿದ್ದಾನೆ ಎಂದು ಅವನು ಕ್ರೀಡಾ ಇಲಾಖೆಗೆ ದೂರು ಬರೆದ. ಅಪ್ಪ ಸಹಿ ಮಾಡಿದ. ನಾನು ಮಂಚದಿಂದಲೇ ಕೂಗಾಡಿದೆ, ಆ ಮಾತಿಗೆ ಆ ಅರ್ಥವಿಲ್ಲ, ಅವರು ಅಜ್ಜಿ ಸತ್ತದ್ದಕ್ಕೂ ಸಾರಿ ಅಂದಿದ್ದರು ಎಂದು ವಿವರಿಸಿದೆ. ಮಾವ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ನಾ ಇಂಗ್ಲಿಷ್ ಕಲ್ತಾವ ಅದೀನಿ. ತಪ್ಪ್ ಮಾಡ್ಲಾರ್ದ ಯಾರರ ಸಾರಿ ಅಂತಾರೇನ್?" ಅಂದ.

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅವನಿಗೆ ಎರಡೂ ಮಾತು ಕೇಳಿಸಿತು, ಓದಿದವನ ಮಾತನ್ನು ನಂಬಿದ. ನನ್ನನ್ನು ಪ್ರೀತಿಸುವವರೇ ಸೇರಿ ನನ್ನ ಕಾಲು ಮುರಿಯುತ್ತಿದ್ದಾರೆ ಅನ್ನಿಸಿ ದಿಂಬು ಕಚ್ಚಿಕೊಂಡು ಅತ್ತೆ. ನೋವಿನ ಮಾತ್ರೆ ಬೇಕಾ ಎಂದು ಅವ್ವ ಕೇಳಿದಳು.

ದೂರು ಹೋದದ್ದೇ ತಡ, ಊರಿನ ಬಾಯಿ ಬದಲಾಯಿತು. ಆಟ ರಕ್ತದಲ್ಲೇ ಇದೆ ಎಂದು ಹೊಗಳಿದ್ದ ಅದೇ ಜನ ಈಗ ಅದೇ ರಕ್ತವನ್ನು ಹಿಡಿದುಕೊಂಡು ಬೈದರು. ಅವರ ಮೈ ಕಲ್ಲು, ಅವರಿಗೆ ಹೇಳಿ ಮಾಡಿಸಿದ ಕಸರತ್ತನ್ನು ನಮ್ಮ ಹುಡುಗಿಯರಿಗೆ ಮಾಡಿಸಿದರೆ ಮೊಣಕಾಲು ಉಳಿಯುತ್ತಾ ಅಂದರು. ಕೇಂದ್ರದ ಒಬ್ಬ ಅಧಿಕಾರಿ ಇದನ್ನು ಬಹಳ ವಿಜ್ಞಾನದ ಮಾತಿನ ಹಾಗೆ ಫೋನಿನಲ್ಲಿ ಅಪ್ಪನಿಗೆ ತಿಳಿಸಿ ಹೇಳಿದ. ಹೊಗಳಿಕೆ ಕೇಳಿದಾಗಲೇ ಸರ್ ಯಾಕೆ ಉರಿಯುತ್ತಿದ್ದರು ಎಂದು ನನಗೆ ಆವತ್ತು ತಿಳಿಯಿತು.

ವಿಚಾರಣೆ ಹೊಸಪೇಟೆಯ ಒಂದು ಆಫೀಸಿನಲ್ಲಿ ನಡೆಯಿತು. ನಾನು ಊರುಗೋಲು ಹಿಡಿದು ಹೋದೆ. ಅಪ್ಪ, ಮಾವ ಇಬ್ಬರೂ ಇದ್ದರು. ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಡಿಲಲ್ಲಿ ಕೈ ಕಟ್ಟಿಕೊಂಡು ಶಾಲೆಯ ಹುಡುಗನ ಹಾಗೆ ಕೂತಿದ್ದರು. ಅವರ ನೌಕರಿ ಹೋದರೆ ವೀಸಾವೂ ಹೋಗುತ್ತದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ವಿಚಾರಣೆಯ ಮುಖ್ಯಸ್ಥರು ಮಾವನನ್ನು, ಕೋಚ್ ಎಷ್ಟು ಸಾರಿ ಸಾರಿ ಅಂದರು ಎಂದು ಕೇಳಿದರು. ಕೇಳಿದ್ದೇ ಪಕ್ಕದ ಗುಮಾಸ್ತನಿಗೆ ನಗು ಬಂತು. ಎಲ್ಲರೂ ಸ್ವಲ್ಪ ನಕ್ಕರು, ಸರ್‌ಗೆ ಯಾಕೆಂದು ತಿಳಿಯದೆ ಅವರೂ ನಕ್ಕರು.

ನಾನು ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ನ್ದೊ ಹೇಳಿದೆ, ಪೆಲೆ ಹೇಳಿದೆ, ಇಗ್ಬೊ ಹೇಳಿದೆ, ಯೊರುಬಾ ಹೇಳಿದೆ. ಮುಖ್ಯಸ್ಥರು ಒಳ್ಳೆಯವರೇ, ಕೊನೆತನಕ ಕೇಳಿಸಿಕೊಂಡು, ಗುರುಗಳ ಮೇಲೆ ಗೌರವ ಇರುವುದು ಒಳ್ಳೆಯದಮ್ಮ, ಕೂತುಕೋ ಅಂದರು. ಆಮೇಲೆ ನೇರವಾಗಿ ಸರ್ ಅವರನ್ನು ಕೇಳಿದರು. ಆವತ್ತು ಸಾರಿ ಅಂದದ್ದು ನಿಜವೇ?

ನಿಜ ಅಂದರು.

ನಾನು ಅವರನ್ನೇ ನೋಡುತ್ತಿದ್ದೆ. ಈಗ ಸಾರಿ ಹೇಳುವುದಿಲ್ಲ ಅನ್ನಿ, ಒಂದೇ ಒಂದು ಸಲ ಎಂದು ಮನಸ್ಸಿನೊಳಗೇ ಕೈ ಮುಗಿದು ಬೇಡಿಕೊಂಡೆ. ಮುಖ್ಯಸ್ಥರು ಅದೇ ಅವಕಾಶವನ್ನು ಕೊಟ್ಟರು. ಈಗಲೂ ಹಾಗೇ ಹೇಳುತ್ತೀರಾ ಎಂದರು. ಸರ್ ಮುಖ್ಯಸ್ಥರತ್ತ ನೋಡಲೇ ಇಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, ಬಟ್ಟೆ ಸುತ್ತಿದ ನನ್ನ ಮೊಣಕಾಲು ನೋಡಿ, ಮೆತ್ತಗೆ ಸಾರಿ ಅಂದರು. ಗುಮಾಸ್ತ ಬರೆದುಕೊಂಡ. ಅಲ್ಲಿಗೆ ಮುಗಿಯಿತು.

ಹೊರಗೆ ವರಾಂಡದಲ್ಲಿ ನಾನು ಅವರ ಮೇಲೆ ರೇಗಿದೆ. ಗೊತ್ತಿದ್ದೂ ಯಾಕೆ ಹೇಳಿದಿರಿ ಅಂದೆ. ನಿನ್ನ ಕಾಲು ನೋಡಿಕೊಂಡು, ನನಗೆ ನೋವಾಗಿಲ್ಲ ಅಂತ ಹೇಗೆ ಹೇಳಲಿ, ನಮ್ಮಮ್ಮ ಕೇಳಿದರೆ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ ಅಂದರು. ಅಪ್ಪ ಮೂರು ಹೆಜ್ಜೆ ದೂರದಲ್ಲಿ ನಿಂತು ನಮ್ಮಿಬ್ಬರ ಮುಖ ನೋಡುತ್ತಿದ್ದ. ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಕಂಪ್ಲಿ ಬಸ್ಸಿನಲ್ಲಿ ಕೂತ ಮೇಲೆ, ಆತ ನಿನಗೆ ಸಾರಿ ಅಂದದ್ದು ತಪ್ಪಾತು ಅಂತೇನಾ ಎಂದು ನನ್ನನ್ನು ಕೇಳಿದ. ಅಲ್ಲ ಅಂದೆ.

ಸರ್ ಹೊರಡುವ ದಿನ ಹೊಸಪೇಟೆ ಸ್ಟೇಷನ್ನಿಗೆ ಹೋಗೋಣ ಎಂದವನು ಅಪ್ಪನೇ. ಮಾವನಿಗೆ ಹೇಳಲಿಲ್ಲ. ಪ್ಲಾಟ್‌ಫಾರ್ಮ್ ತುಂಬ ಹಂಪಿ ನೋಡಿ ಹೊರಟ ಪ್ರವಾಸಿಗಳು. ಅವರಲ್ಲಿ ಒಬ್ಬ ಹುಡುಗ ಸರ್ ಹತ್ತಿರ ಸೆಲ್ಫಿ ಕೇಳುತ್ತಿದ್ದ, ನೀವು ಯಾವ ತಂಡಕ್ಕೆ ಆಡುತ್ತೀರಿ ಎಂದು ವಿಚಾರಿಸುತ್ತಿದ್ದ. ಸರ್ ಫೋಟೋಗೆ ನಿಂತರು. ಆಮೇಲೆ ನನ್ನ ಊರುಗೋಲು ಇಸಿದುಕೊಂಡು ಬೆಂಚಿನ ಮೇಲೆ ಕೂರಿಸಿ, ಮೊಣಕಾಲನ್ನು ಎಷ್ಟು ಬಗ್ಗಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಮತ್ತೆ ತೋರಿಸಿದರು. ಅದನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೇಂದ್ರದವರು ಆಗಲೇ ನನ್ನ ಟ್ರಂಕನ್ನು ಮನೆಗೆ ಕಳಿಸಿದ್ದರು. ಆ ಕಾಲು ಆಮೇಲೆ ನಡೆಯಲು ಕಲಿಯಿತು, ಜಿಗಿಯಲು ಕಲಿಯಲಿಲ್ಲ.

ರೈಲು ಬಂತು. ಸರ್ ಬ್ಯಾಗು ಎತ್ತಿಕೊಂಡಾಗ ಅಪ್ಪ ಮುಂದೆ ಹೋದ. ಬರುವ ದಾರಿಯುದ್ದಕ್ಕೂ ತುಟಿಯಲ್ಲಿ ಏನನ್ನೋ ಉರು ಹೊಡೆಯುತ್ತಿದ್ದ, ಏನೆಂದು ಆಗ ತಿಳಿಯಿತು. ಮೂಟೆ ಹೊತ್ತು ಒರಟಾದ ಎರಡೂ ಕೈಗಳನ್ನು ಜೋಡಿಸಿ, ತಲೆ ತಗ್ಗಿಸಿ, ಅವರ ಮುಂದೆ ನಿಂತ.

"ಸಾರಿ," ಅಂದ. "ಸಾರಿ ಸರ್."

ಸರ್ ಮುಖ ಅರಳಿತು. ಊರು ಬಿಡುವ ಹೊತ್ತಿನಲ್ಲಿ ತಮ್ಮ ನೋವನ್ನು ಒಬ್ಬರು ಕಂಡರು ಎಂಬ ಸಮಾಧಾನ ಅದರಲ್ಲಿ ಎದ್ದು ಕಾಣುತ್ತಿತ್ತು. ಅಪ್ಪನ ಕೈಗಳನ್ನು ಹಿಡಿದು ಥ್ಯಾಂಕ್ ಯೂ, ಥ್ಯಾಂಕ್ ಯೂ ಪಪ್ಪಾ ಅಂದರು. ಹತ್ತಿಕೊಂಡರು. ನಾನು ಕೂಗಿ ತಿದ್ದಿ ಹೇಳಬಹುದಿತ್ತೇನೋ, ಆದರೆ ಯಾರಿಗೆ ಏನೆಂದು ಹೇಳುವುದು, ಅಷ್ಟರಲ್ಲಿ ರೈಲು ಸರಿಯತೊಡಗಿತ್ತು.

ಕೊನೆಯ ಡಬ್ಬಿ ಹೋಗುವ ತನಕ ಅಪ್ಪ ಕೈ ಮುಗಿದೇ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ನಾ ತಪ್ಪಾತಂದ್ನಲ್ಲವ್ವ," ಅಂದ. "ಅದಕ ಯಾಕ ಥ್ಯಾಂಕ್ಸ್ ಅಂದ್ರು?"