ಐದು ನಿಮಿಷ ದೂರದ ಮನೆಗಳು

ಅಪ್ಪನ ನಿವೃತ್ತಿಗೆ ಮೂರು ತಿಂಗಳಿದ್ದಾಗ ಅಮ್ಮ ಒಂದೇ ಒಂದು ಷರತ್ತು ಹಾಕಿದಳು. ಹೊಸ ಬಾಡಿಗೆ ಮನೆ ಚಿಕ್ಕದಿದ್ದರೂ ಆಗಬಹುದು, ಬಿಸಿಲು ಬರದಿದ್ದರೂ ಆಗಬಹುದು, ಅಡುಗೆಮನೆಯಲ್ಲಿ ಇಬ್ಬರು ನಿಲ್ಲಲಾಗದಿದ್ದರೂ ಆಗಬಹುದು.

“ನಾನು ಒಬ್ಬಳೇ ನಡೆದು ಹೋಗಿ ಸಾಮಾನು ತರುವ ಹಾಗಿರಬೇಕು. ರಿಕ್ಷಾ ಬೇಡ. ಯಾರೂ ಕರ್ಕೊಂಡು ಹೋಗುವುದೂ ಬೇಡ.”

“ಅಷ್ಟೇ ಅಲ್ವಾ?” ಅಂದರು ಅಪ್ಪ. “ಎರಡು ಭಾನುವಾರದ ಕೆಲಸ.”

ಅಪ್ಪ ಮುಂಬಯಿ ಬಳಿಯ ಅಂಬರನಾಥದ ಹೊರಗಿನ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಮನೆಯೆಂದರೆ ಕಾರ್ಖಾನೆಯ ಬೆನ್ನಿಗಿದ್ದ ಕ್ವಾರ್ಟರ್ಸ್. ಸುತ್ತ ಶೆಡ್ಡುಗಳು, ಲಾರಿಗಳು, ಗೋಡೆಗಳು. ವಾರಕ್ಕೆ ಎರಡು ಸಲ ಕಂಪನಿಯ ಬಸ್ಸು ಹೆಂಗಸರನ್ನು ಮಾರ್ಕೆಟ್ಟಿಗೆ ಕರೆದೊಯ್ದು, ಮುಕ್ಕಾಲು ಗಂಟೆಯಲ್ಲಿ ಹಾರ್ನ್ ಹೊಡೆದು ವಾಪಸು ತರುತ್ತಿತ್ತು. ಅಮ್ಮ ಅದನ್ನೂ ಬಿಟ್ಟು ಎಷ್ಟೋ ವರ್ಷವಾಗಿತ್ತು. ತರಕಾರಿ ಕ್ಯಾಂಟೀನಿಗೆ ಬರುವ ಮೂಟೆಗಳ ಜೊತೆಯಲ್ಲೇ ಬರುತ್ತಿತ್ತು. ಅಂದಿನಿಂದ ಅವಳು ಬೇಯಿಸಿದ ಬದನೆಕಾಯಿಗಳನ್ನೆಲ್ಲ ಬೇರೆ ಯಾರೋ ಆರಿಸಿದ್ದರು.

ನಾನಾಗ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಠಾಣೆಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಹಾಸ್ಟೆಲಿನಲ್ಲಿದ್ದೆ. ಹೊಸ ಮನೆಯಲ್ಲಿ ನಾನೂ ಇರುವುದೆಂದು ತೀರ್ಮಾನವಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಬೇಡವೆಂದಿರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ: ತರಕಾರಿ, ದಿನಸಿ, ಔಷಧಿ, ದೇವಸ್ಥಾನ, ಸ್ಟೇಷನ್. ಪ್ರತಿಯೊಂದಕ್ಕೂ ನಿಮಿಷ, ಪ್ರತಿಯೊಂದಕ್ಕೂ ಅಂಕ.

ಅಮ್ಮ ಮನೆ ನೋಡಲು ಬರಲಿಲ್ಲ. ಖಾಲಿ ಮನೆಗಳ ಹೊಸಿಲು ದಾಟುತ್ತ ತಿರುಗುವುದು ಹೆಂಗಸರಿಗೆ ಒಳ್ಳೆಯದಲ್ಲ, ನಿಶ್ಚಯವಾದ ಮೇಲೆ ಹಾಲು ಉಕ್ಕಿಸಲು ಬರುತ್ತೇನೆ ಅಂದಳು. ನಮ್ಮ ಕಡೆ ನಡೆದುಬಂದದ್ದೂ ಹಾಗೆಯೇ. ಗಂಡಸರು ಮನೆ ಗೊತ್ತು ಮಾಡುತ್ತಾರೆ, ಹೆಂಗಸರು ಹಾಲು ಪಾತ್ರೆ ಹಿಡಿದು ಒಳಗೆ ಕಾಲಿಡುತ್ತಾರೆ. ಆದ್ದರಿಂದ ನಾವು ಒಪ್ಪಿದೆವು. ನಾನೂ ಹೆಂಗಸೇ ಎಂಬುದು ಯಾರಿಗೂ ಹೊಳೆಯಲಿಲ್ಲ. ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು.

ಮೊದಲ ಭಾನುವಾರ ಕಲ್ಯಾಣ. ಏಜೆಂಟ್ ಫೋನಿನಲ್ಲೇ ಹೇಳಿದ್ದ, ಮಾರ್ಕೆಟ್ಟಿಗೆ ‘ಪಾಂಚ್ ಮಿನಿಟ್’. ಆತ ಬಂದದ್ದು ಸ್ಕೂಟರಿನಲ್ಲಿ. ನಡೆದು ತೋರಿಸಿ ಅಂದಾಗ ನಾನೇನೋ ಅಸಭ್ಯವಾದದ್ದು ಕೇಳಿದಂತೆ ನೋಡಿದ. ಮಾರ್ಕೆಟ್ ಇದ್ದದ್ದು ಹಳಿಗಳ ಆಚೆ. ಸೇತುವೆ ಹತ್ತಲು ಐವತ್ತೆರಡು ಮೆಟ್ಟಿಲು, ಇಳಿಯಲು ಅಷ್ಟೇ.

“ಹದಿಮೂರು ನಿಮಿಷ ಆಯಿತು” ಅಂದೆ.

“ಬ್ರಿಜ್ ಛೋಡ್ ಕೇ, ಮೇಡಂ” ಅಂದ ಆತ, ಸೇತುವೆಯನ್ನು ಬಿಟ್ಟು ನಡೆಯುವ ಜನರೂ ಇದ್ದಾರೆ ಎಂಬಂತೆ.

ಮರುವಾರ ಠಾಣೆ. ಅಲ್ಲಿ ಗೇಟಿನಿಂದ ಅಂಗಡಿಗೆ ನಿಜವಾಗಿಯೂ ನಾಲ್ಕೇ ನಿಮಿಷ. ಮನೆಯಿಂದ ಗೇಟಿಗೆ ಮಾತ್ರ ಒಂಬತ್ತು. ಏಳು ಟವರು, ನಡುವೆ ಈಜುಕೊಳ, ಅದನ್ನು ಸುತ್ತಿಕೊಂಡು ಒಂದು ಏರು. ಒಳಗಿನ ದೂರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅಲ್ಲಿನ ಏಜೆಂಟ್ ನನಗೆ ಸಮಾಧಾನ ಹೇಳಿದ.

ಅಪ್ಪ ಏಜೆಂಟರ ಪಕ್ಷ. ಅವರಿಗೆ ಎಲ್ಲವೂ ಐದು ನಿಮಿಷವೇ. ಮೂವತ್ತು ವರ್ಷ, ಇಡ್ಲಿ ತಣಿಯುವ ಮೊದಲು ಮೇಜು ಮುಟ್ಟಬೇಕೆಂದು ನಡೆದ ಕಾಲುಗಳು ಅವು. ನಾನು ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದೆ. ಅಪ್ಪನ ಐದು ನನ್ನ ಎಂಟು ಎಂದು ಲೆಕ್ಕ ಹಾಕಿ, ಹಳೆಯ ಅಂಕಿಗಳನ್ನೆಲ್ಲ ತಿದ್ದಿದೆ. ಅಮ್ಮನದು ಎಷ್ಟು ಎಂಬ ಕಾಲಂ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಅದು ಇರಲಿಲ್ಲ ಎಂಬುದೂ ನನಗೆ ತಿಳಿದಿರಲಿಲ್ಲ.

ಮೂರನೆಯ ಭಾನುವಾರ ನವಿ ಮುಂಬಯಿಯಲ್ಲಿ ಅಪ್ಪ ಮನಸೋತರು. ಅಗಲವಾದ ಫುಟ್‌ಪಾತ್, ಎರಡೂ ಬದಿ ಮರ, ಬೀದಿಗಳಿಗೆ ಹೆಸರಿನ ಗೊಡವೆಯಿಲ್ಲದೆ ಸೆಕ್ಟರಿನ ಸಂಖ್ಯೆ. ಸಂಖ್ಯೆಗಳನ್ನು ಕಂಡು ನಾನೂ ಸೋತೆ. ಮಾರ್ಕೆಟ್ಟಿಗೆ ನನ್ನ ಕಾಲಿನಲ್ಲಿ ಒಂಬತ್ತು ನಿಮಿಷ, ಸಮತಟ್ಟು, ಒಂದೇ ಒಂದು ರಸ್ತೆ ದಾಟಬೇಕು. ಇಲ್ಲಿಯವರೆಗಿನ ಅತಿ ಹೆಚ್ಚು ಅಂಕ. ಟೋಕನ್ ಮುಂಗಡ ಕೊಡುವ ಮೊದಲು ಅಮ್ಮ ಒಮ್ಮೆ ನೋಡಲಿ ಎಂದು ನಾನು ಹಟ ಹಿಡಿದೆ. ಅದರಲ್ಲಿ ದೂರದೃಷ್ಟಿಯೇನೂ ಇರಲಿಲ್ಲ, ಹೊಗಳಿಸಿಕೊಳ್ಳುವ ಆಸೆ.

ಅಮ್ಮ ಹಸಿರು ಸೀರೆ ಉಟ್ಟು, ಮನಸ್ಸಿಲ್ಲದ ಮನಸ್ಸಿನಿಂದ ಬಂದಳು. ನೂರು ಹೆಜ್ಜೆ ನಡೆದಿರಬಹುದು. ಒಂದು ಗೋಡೆಯ ಮುಂದೆ ನಿಂತು ಪೋಸ್ಟರ್ ಓದತೊಡಗಿದಳು.

“ಅಲ್ಲಿ ಎಂತ ಉಂಟು ಮಾರಾಯ್ತಿ?” ಅಪ್ಪ ಮುಂದಿನಿಂದ ಕೂಗಿದರು.

“ಪೋಲಿಯೋ ಹನಿ ಯಾವತ್ತು ಅಂತ ಬರೆದಿದ್ದಾರೆ.”

“ನಿನಗೆ ಪೋಲಿಯೋ ಹನಿ ಯಾಕೆ?”

“ಯಾರಾದರೂ ಕೇಳಿದರೆ ಹೇಳಬಹುದಲ್ಲ.”

ಮತ್ತೆ ನೂರು ಹೆಜ್ಜೆಗೆ ಒಂದು ಕಟ್ಟಡದ ವಾಚ್‌ಮನ್‌ನನ್ನು ನಿಲ್ಲಿಸಿ, ಅಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆಂದು ತನ್ನ ಹಿಂದಿಯಲ್ಲಿ ವಿಚಾರಿಸಿದಳು. ಆತ ಎರಡು ಹೊತ್ತಿನದೂ ಹೇಳಿದ. ಬೇಸಿಗೆಯಲ್ಲಿ ಹೇಗೆ ಎಂದೂ ಕೇಳಿದಳು. ನಾವು ಆ ಕಟ್ಟಡದ ಮನೆಯನ್ನು ನೋಡಿಯೇ ಇರಲಿಲ್ಲ. ಅಲ್ಲಿಂದಾಚೆ ಮನುಷ್ಯರೂ ಇರಲಿಲ್ಲ, ಪೋಸ್ಟರೂ ಇರಲಿಲ್ಲ. ಕೊನೆಗೆ ಒಂದು ಕರೆಂಟಿನ ಡಬ್ಬದ ಮುಂದೆ ನಿಂತು, ಅದರ ಮೇಲಿನ ತಲೆಬುರುಡೆಯ ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ಅದು ಮುಟ್ಟಬಾರದು ಅಂತ” ಅಪ್ಪ ವಿವರಿಸಿದರು.

“ಗೊತ್ತು” ಅಂದಳು ಅಮ್ಮ, ಕದಲದೆ.

ಸ್ಟೇಷನ್ನಿಗೆ ಮರಳಿದ ಮೇಲೆ ತೀರ್ಪು ಬಂತು. “ಜಾಗ ಚಂದ ಉಂಟು. ಆದರೆ ಬೇಡ.”

“ಯಾಕೆ?”

“ಮಾತಾಡುವಾ ಅಂದರೆ ಒಬ್ಬರಿಲ್ಲ.”

“ಕ್ವಾರ್ಟರ್ಸಿನಲ್ಲಿ ಯಾರ ಹತ್ತಿರ ಮಾತಾಡ್ತಿದ್ದೆ?”

“ಅದಕ್ಕೇ” ಅಂದಳು.

ಅಪ್ಪ ಮೂರು ದಿನ ಮುನಿಸಿಕೊಂಡರು. ನಾನು ಮುನಿಸಿಕೊಳ್ಳದಿದ್ದರೂ ನೋಟ್‌ಬುಕ್ಕಿನ ಪರವಾಗಿ ನೊಂದುಕೊಂಡೆ.

ಡೊಂಬಿವಲಿ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಅಪ್ಪನ ಕ್ಯಾಂಟೀನಿಗೆ ಹಪ್ಪಳ ಕೊಡುತ್ತಿದ್ದವರು ಅಲ್ಲಿನ ಸ್ಟೇಷನ್ನಿನ ಪೂರ್ವದ ಬದಿಯಲ್ಲಿ ಒಂದು ನೆಲಮಹಡಿಯ ಮನೆ ಖಾಲಿಯಿದೆ ಎಂದು ತಿಳಿಸಿದರು. ಅವರ ಮಾತು ತೆಗೆದುಹಾಕಬಾರದೆಂದು ಮೂವರೂ ಹೋದೆವು. ಮನೆ ನೋಡಿ, ಅಲ್ಲಿಂದ ಮಾರ್ಕೆಟ್ಟಿನತ್ತ ಹೊರಟೆವು. ಗಲ್ಲಿಗೆ ಫುಟ್‌ಪಾತ್ ಇರಲಿಲ್ಲ. ಇದ್ದಿರಬಹುದಾದ ಕಡೆ ಬಕೆಟ್‌ಗಳು, ಬಳೆಗಳು, ಕೊತ್ತಂಬರಿ, ಪೊರಕೆ. ಉಳಿದ ಜಾಗದಲ್ಲಿ ಸ್ಕೂಟರುಗಳು ಮತ್ತು ಇಡೀ ಡೊಂಬಿವಲಿ.

“ಇದು ನಡೆಯುವ ದಾರಿ ಅಲ್ಲ, ನುಸುಳುವ ದಾರಿ” ಅಂದು ಅಪ್ಪ ನುಸುಳಿ ಮಾಯವಾದರು.

ಅಮ್ಮ ಕೊತ್ತಂಬರಿ ಗಾಡಿಯ ಮುಂದೆ ನಿಂತು ಬೆಲೆ ಕೇಳಿದಳು. ಕೊಳ್ಳಲಿಲ್ಲ. ಹೂವಿನವಳ ಬಳಿ ನಿಂತು ಮೊಳಕ್ಕೆಷ್ಟು ಎಂದು ಕೇಳಿದಳು. ಕೊಳ್ಳಲಿಲ್ಲ. ಬಳೆಯವನ ಬಳಿ ತನ್ನ ಅಳತೆಯ ಬಳೆ ತೆಗೆಸಿ, ಬಣ್ಣ ಸರಿಯಿಲ್ಲವೆಂದು ವಾಪಸಿಟ್ಟಳು. ಅಪ್ಪ ಅಷ್ಟು ದೂರದಿಂದ ತಿರುಗಿ ಬಂದರು.

“ತೆಗೊಳ್ಳುವುದಾದರೆ ತೆಗೋ. ಇಲ್ಲವಾದರೆ ನಡಿ.”

“ವಿಚಾರಿಸಬಾರದಾ?”

“ವಿಚಾರಿಸು, ವಿಚಾರಿಸು. ನಿನ್ನ ವಿಚಾರಣೆ ಮುಗಿಯುವಾಗ ಮಾರ್ಕೆಟ್ ಬಾಗಿಲು ಹಾಕ್ತದೆ.”

ನಾನು ಗಡಿಯಾರ ನೋಡುತ್ತ ಹಿಂದೆ ಬರುತ್ತಿದ್ದೆ. ಐನೂರು ಮೀಟರಿಗೆ ಇಪ್ಪತ್ತೆಂಟು ನಿಮಿಷ. ನಮ್ಮ ಹುಡುಕಾಟದಲ್ಲೇ ಅತಿ ಕಳಪೆ. ಅಷ್ಟರಲ್ಲಿ ಅಮ್ಮ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮುಂದೆ ನಿಂತು, ಒಬ್ಬ ಮನುಷ್ಯ ಒಳಗೆ ಅಡಗಬಹುದಾದಷ್ಟು ದೊಡ್ಡ ನೀಲಿ ಡ್ರಮ್ಮಿನ ಬೆಲೆ ಕೇಳಿದಳು. ಮನೆಯಲ್ಲಿ ಎಷ್ಟು ಜನ ಎಂದು ಅಂಗಡಿಯವ ಮರಾಠಿಯಲ್ಲಿ ಕೇಳಿದ. ಮೂವರು ಅಂದಳು.

“ಮಗ ಏವಢಾ ಮೋಠಾ ಕಶಾಲಾ?” ಮತ್ತೆ ಇಷ್ಟು ದೊಡ್ಡದು ಯಾಕೆ?

ಅಮ್ಮನ ಎಡಗೈ ಡ್ರಮ್ಮಿನ ಅಂಚನ್ನು ಹಿಡಿದಿತ್ತು. ಭಾರವೆಲ್ಲ ಬಲಗಾಲಿನ ಮೇಲಿತ್ತು. ಎಡಗಾಲು ಚಪ್ಪಲಿಯಿಂದ ಅರ್ಧ ಹೊರಬಂದು ಸುಮ್ಮನೆ ನೆಲ ಮುಟ್ಟಿಕೊಂಡಿತ್ತು. ಅಂಗಡಿಯವ ಅದನ್ನು ನೋಡಿದನೋ ಏನೋ, ಒಂದು ಸ್ಟೂಲು ಎಳೆದಿಟ್ಟ. ಅಮ್ಮ, ಡ್ರಮ್ಮಿನ ಗುಣಮಟ್ಟವನ್ನು ಕೂತೇ ಪರೀಕ್ಷಿಸಬೇಕೆಂಬ ಗಾಂಭೀರ್ಯದಿಂದ ಕೂತಳು.

ಪೋಲಿಯೋ ಹನಿ, ಬೇಸಿಗೆಯ ನೀರು, ತಲೆಬುರುಡೆ ಎಲ್ಲವೂ ನನಗೆ ಒಟ್ಟಿಗೇ ಅರ್ಥವಾದವು. ಹೊಸಿಲು ದಾಟುವುದು ಒಳ್ಳೆಯದಲ್ಲ ಎಂದದ್ದು ಕೂಡ. ಅವಳು ಈವರೆಗೆ ಏನನ್ನೂ ವಿಚಾರಿಸುತ್ತಿರಲಿಲ್ಲ. ಮಂಡಿಗೆ ವಿಶ್ರಾಂತಿ ಕೊಡುತ್ತಿದ್ದಳು. ಅದನ್ನು ಬಾಯಿಬಿಟ್ಟು ಹೇಳಿದರೆ ಆ ಕ್ಷಣವೇ ಅಪ್ಪ ರಿಕ್ಷಾ ಕರೆಯುತ್ತಾರೆ, ಆಮೇಲೆ ಜೀವಮಾನವಿಡೀ ರಿಕ್ಷಾವೇ. ಆದ್ದರಿಂದ ಅವಳಿಗೆ ಬೇಕಿದ್ದದ್ದು ಪ್ರತಿ ಐವತ್ತು ಹೆಜ್ಜೆಗೆ, ಯಾಕೆ ನಿಂತೆ ಎಂದು ಯಾರೂ ಕೇಳದ ಒಂದು ಜಾಗ.

ನಮ್ಮ ಮನೆಯಲ್ಲಿ, ಅದರಲ್ಲೂ ನಮ್ಮಿಬ್ಬರ ನಡುವೆ, ಅಂಥದ್ದನ್ನು ಕೇಳುವ ರೂಢಿಯಿಲ್ಲ. ವಾಪಸು ಹೋಗುವ ಟ್ರೇನಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ನೋಟ್‌ಬುಕ್ ತೆಗೆದು ಹೊಸ ಕಾಲಂ ಎಳೆದೆ. ಬೇಕಾದ ಉತ್ತರ ಬರುವ ತನಕ ಅಂಕಗಳ ತೂಕ ಬದಲಿಸುವ ಕೆಲಸವನ್ನು ನಮ್ಮ ಪ್ರೊಫೆಸರರು ಮೋಸವೆಂದೇ ಕರೆಯುತ್ತಿದ್ದರು. ಅಂಬರನಾಥ ಬರುವುದರೊಳಗೆ ಅದನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. “ಡೊಂಬಿವಲಿ ಫಸ್ಟಾ? ಇದೆಂತ ಕಾಲಂ?”

“ನಿಲ್ಲುವ ಜಾಗಗಳು.”

“ಅದಕ್ಕೆ ಅರ್ಧಕ್ಕರ್ಧ ಅಂಕವಾ?”

“ಶಾಸ್ತ್ರ ಹಾಗೇ ಉಂಟಪ್ಪ.”

ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಕಲಿತವಳು ಹೇಳುವಾಗ ಕೇಳಬೇಕು” ಅಂದಳು. ನನ್ನ ಕಡೆ ತಿರುಗಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ಡೊಂಬಿವಲಿಯ ಮನೆಯಲ್ಲಿ ಹಾಲು ಉಕ್ಕಿಸಿದೆವು. ಅಮ್ಮನೂ ನಾನೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ಉಳಿದಿತ್ತು: ಅಪ್ಪ ನಿವೃತ್ತರಾಗಿದ್ದರು. ಅವರಿಗೆ ಹೋಗಲು ಕ್ಯಾಂಟೀನಿರಲಿಲ್ಲ. ಅಮ್ಮ ಚೀಲ ಹಿಡಿದರೆ ಸಾಕು, ಚಪ್ಪಲಿ ಮೆಟ್ಟಿ ಮುಂದೆ ನಿಂತಿರುತ್ತಿದ್ದರು. ನಾಲ್ಕು ಅಂಗಡಿ ಮುಂದೆ ಹೋಗಿ, “ಆಯ್ತಾ?” ಎಂದು ಕೂಗುತ್ತಿದ್ದರು. ಅವಳು ಕೊತ್ತಂಬರಿಯ ಬಳಿ ನಿಲ್ಲುವಷ್ಟರಲ್ಲಿ, ಬಂದು ಎರಡು ಕಟ್ಟು ಕೊಂಡು ಚೀಲಕ್ಕೆ ಹಾಕಿ, ನಿಲ್ಲಲು ಕಾರಣವೇ ಇಲ್ಲದಂತೆ ಮಾಡುತ್ತಿದ್ದರು. ಒಂದು ವಾರದಲ್ಲಿ ಅಮ್ಮ ಹೊರಗೆ ಹೋಗುವುದನ್ನು ಬಿಟ್ಟಳು.

“ನೀವೇ ತನ್ನಿ” ಅಂದಳು. ಅಪ್ಪ ಸಂತೋಷದಿಂದ ತಂದರು, ಇನ್ನೂರು ಜನಕ್ಕೆ ತಂದು ರೂಢಿಯಿದ್ದ ಪ್ರಮಾಣದಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದರು. ಬಾತ್‌ರೂಮಿನಲ್ಲಿ ನೀರಿನ ಸದ್ದು ಶುರುವಾಯಿತು. ಅಮ್ಮ ಅಡುಗೆಮನೆಯಿಂದ ಬಂದು, ಗೋಧಿಯ ಡಬ್ಬ ಎತ್ತಿಕೊಂಡು, ನನ್ನನ್ನು ಒಂದು ಸಲ ನೋಡಿ ಹೊರಗೆ ಹೋದಳು. ನಾನು ಪೇಪರ್ ಓದುತ್ತಿದ್ದೆ, ಓದುತ್ತಲೇ ಇದ್ದೆ.

“ಅಮ್ಮ ಎಲ್ಲಿ?” ಟವೆಲು ಸುತ್ತಿಕೊಂಡ ಅಪ್ಪ ಕೇಳಿದರು.

“ಹಿಟ್ಟಿನ ಗಿರಣಿಗೆ ಕಾಣ್ತದೆ.”

“ಒಬ್ಬಳೇ?”

ಒಂದು ಗಂಟೆ ಅವರು ಬಾಗಿಲಿಗೂ ಕಿಟಕಿಗೂ ನಡೆದರು. ಗಿರಣಿ ನಾಲ್ಕು ನಿಮಿಷದ ದೂರ ಎಂದು ಏಳು ಸಲ ಹೇಳಿದರು. ಆಮೇಲೆ ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ.

ಗಿರಣಿಯ ಮುಂದಿನ ಬೆಂಚಿನಲ್ಲಿ ನಾಲ್ಕು ಹೆಂಗಸರ ನಡುವೆ ಅಮ್ಮ ಕೂತಿದ್ದಳು. ಎಡಗಾಲನ್ನು ನೀಡಿ, ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲಿಟ್ಟಿದ್ದಳು. ತಲೆಕೂದಲ ಮೇಲೆಲ್ಲ ಹಿಟ್ಟಿನ ಧೂಳು. ಅರ್ಧ ಮರಾಠಿ, ಕಾಲು ಹಿಂದಿ, ಉಳಿದದ್ದು ಕೈಸನ್ನೆಯಲ್ಲಿ ಏನೋ ಹೇಳುತ್ತಿದ್ದಳು, ಹೆಂಗಸರು ನಗುತ್ತಿದ್ದರು. ಗೋಧಿಯ ಡಬ್ಬ ಅವಳ ಪಕ್ಕದಲ್ಲೇ ಇತ್ತು, ಬೀಸಿ ಎಷ್ಟೋ ಹೊತ್ತಾಗಿತ್ತು.

ಅಪ್ಪ ಕಾಲನ್ನು ನೋಡಿದರು. “ಎಂತಾಯ್ತು?”

“ಎಂತ ಇಲ್ಲ. ಹಳೇದು.”

“ಎಷ್ಟು ಹಳೇದು?”

ಅಮ್ಮ ಯೋಚಿಸಿದಳು. “ಇವಳು ಕಾಲೇಜು ಸೇರಿದ ವರ್ಷದ್ದು.”

ಅಪ್ಪ ರಸ್ತೆಯ ಕಡೆ ತಿರುಗಿದರು. “ರಿಕ್ಷಾ ತರ್ತೇನೆ.”

“ಬೇಡ. ನೀವು ಹೋಗಿ. ನಾನು ಬರ್ತೇನೆ.”

ಇವರು ಯಾರು ಎಂದು ಪಕ್ಕದ ಹೆಂಗಸು ಮೆಲ್ಲಗೆ ಕೇಳಿದಳು. ಮನೆಯವರು, ರಿಟೈರ್ ಆಗಿದ್ದಾರೆ ಅಂದಳು ಅಮ್ಮ. ನಾಲ್ವರೂ ಒಟ್ಟಿಗೆ ಚ್ಚಚ್ಚ ಅಂದು, ಸಾವಿನ ಮನೆಗೆ ಬಂದವರಂತೆ ಅವಳ ಕೈ ತಟ್ಟಿದರು.

ನಾವು ಮನೆಗೆ ಬಂದೆವು. ಅಪ್ಪ ಕುರ್ಚಿಯಲ್ಲಿ ಕೂತರು. ಹೋಗಿ ಕರೆದುಕೊಂಡು ಬರಲೇ ಎಂದು ಎರಡು ಸಲ ಕೇಳಿದರು, ನಾನು ಎರಡು ಸಲವೂ ಬೇಡವೆಂದೆ. ಹನ್ನೊಂದೂವರೆಗೆ ಹೊರಗೆ ಚಪ್ಪಲಿಯ ಸದ್ದಾಯಿತು. ಬಾಗಿಲು ತೆಗೆಯಲು ಅಪ್ಪ ಎದ್ದರು. ಅಷ್ಟರಲ್ಲಿ ಬೀಗದೊಳಗೆ ಅಮ್ಮನ ಕೀಲಿಕೈ ತಿರುಗಿತು. ಅವರು ಮತ್ತೆ ಕೂತರು.